ಮೊದಲ ದಿನವೇ ಸಿಕ್ಕಿತೆಂಬ ನೆಮ್ಮದಿ

ಜನವರಿ 25 ರಾಷ್ಟ್ರೀಯ ಮತದಾರರ ದಿನ. ಶಾಲೆ ಕಾಲೇಜುಗಳಲ್ಲಿ ಅಂದು ಪ್ರತಿಜ್ಞೆ ಇರುತ್ತದೆ, ಜಾಥಾ ಇರುತ್ತದೆ, ರಂಗೋಲಿ ಮತ್ತು ಪ್ರಬಂಧ ಸ್ಪರ್ಧೆ ಇರುತ್ತದೆ. ಮುಖ್ಯ ಅತಿಥಿಗಳ ಭಾಷಣದಲ್ಲಿ ಮತ್ತೆ ಮತ್ತೆ ಬರುವ ಒಂದು ಮಾತೂ ಇರುತ್ತದೆ: ಸ್ವಾತಂತ್ರ್ಯ ಘೋಷಿಸಿಕೊಂಡ ಮೇಲೂ ಅಮೆರಿಕದ ಹೆಣ್ಣುಮಕ್ಕಳು ಮತಕ್ಕಾಗಿ 144 ವರ್ಷ ಕಾದರು, ಫ್ರಾನ್ಸಿನವರು 1944ರವರೆಗೆ ಕಾದರು, ಸ್ವಿಟ್ಜರ್ಲೆಂಡಿನವರು 1971ರವರೆಗೆ, ನಮ್ಮವರಿಗೆ ಮಾತ್ರ ಗಣರಾಜ್ಯದ ಮೊದಲ ದಿನವೇ ಸಿಕ್ಕಿತು. ಸಭೆ ಚಪ್ಪಾಳೆ ತಟ್ಟುತ್ತದೆ. ಮಾತು ಸುಳ್ಳೇನೂ ಅಲ್ಲ. ಸಂವಿಧಾನದ 326ನೇ ವಿಧಿ ವಯಸ್ಕರೆಲ್ಲರಿಗೂ ಮತ ಎಂದು ಬರೆದಿಟ್ಟಿತು, ಗಂಡು ಹೆಣ್ಣೆಂದು ನೋಡಲಿಲ್ಲ. ಆದರೂ ಆ ಚಪ್ಪಾಳೆ ಕೇಳಿದಾಗಲೆಲ್ಲ ನಮಗೆ ಕಸಿವಿಸಿಯಾಗುತ್ತದೆ. ಮೊದಲ ದಿನವೇ ಸಿಕ್ಕಿತೆಂದು ನಂಬಿದ ಮಗುವಿಗೆ, ಅದಕ್ಕೂ ಹಿಂದಿನ ಮೂರು ದಶಕ ಯಾರು ಕೇಳಿದರು, ಯಾರು ಬೇಡವೆಂದರು, ಏಕೆ ಬೇಡವೆಂದರು ಎಂಬುದು ತಿಳಿಯುವುದಿಲ್ಲ. ಬೇಡವೆಂದವರ ವಾದ ತಿಳಿಯದ ಮಗು, ಅದೇ ವಾದ ಮತ್ತೆ ಬಾಗಿಲಿಗೆ ಬಂದರೆ ಗುರುತು ಹಿಡಿಯುವುದಿಲ್ಲ. ಬಂದಿದೆ ಎಂಬುದೇ ಈ ಬರಹಕ್ಕೆ ಕಾರಣ.

ಬಂದಿರುವ ಗುರುತುಗಳು ಸಣ್ಣವು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ, ಬಂಧುಬಳಗದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ಚಹದ ಅಂಗಡಿಯ ಮುಂದೆ ಇತ್ತೀಚೆಗೆ ಕೆಲವು ಮಾತು ಸಲೀಸಾಗಿ ಓಡಾಡುತ್ತಿವೆ. ತೆರಿಗೆ ಕಟ್ಟುವವರಿಗೆ ಮಾತ್ರ ಮತ ಇರಬೇಕು ಎಂಬುದು ಒಂದು. ಓದು ಬರಹ ಇಲ್ಲದವರ ಮತಕ್ಕೂ ಓದಿದವರ ಮತಕ್ಕೂ ಒಂದೇ ಬೆಲೆಯೇ ಎಂಬುದು ಇನ್ನೊಂದು. 2023ರಲ್ಲಿ ಕರ್ನಾಟಕದಲ್ಲಿ ಶಕ್ತಿ ಮತ್ತು ಗೃಹಲಕ್ಷ್ಮಿ ಯೋಜನೆಗಳು ಜಾರಿಯಾದ ಮೇಲೆ ಮೂರನೆಯದೂ ಸೇರಿತು: ಬಿಟ್ಟಿ ಬಸ್ಸಿಗೂ ತಿಂಗಳ ಎರಡು ಸಾವಿರಕ್ಕೂ ಮತ ಹಾಕುವ ಹೆಂಗಸರಿಂದಲೇ ರಾಜ್ಯ ಹಾಳಾಯಿತು. ಯೋಜನೆಗಳನ್ನು ಟೀಕಿಸಲಿ, ಬಜೆಟ್ಟಿನ ಲೆಕ್ಕ ಕೇಳಲಿ. ಅದು ಪ್ರಜೆಗಳ ಕೆಲಸ. ರೈತನ ಸಾಲಮನ್ನಾ ನೋಡಿ ಮತ ಹಾಕಿದ ಗಂಡಸಿಗೆ ಮತದ ಯೋಗ್ಯತೆಯೇ ಇಲ್ಲವೆಂದು ಯಾರೂ ಹೇಳಿದ್ದು ನಾವು ಕೇಳಿಲ್ಲ. ಯೋಜನೆಯ ಮೇಲಿನ ಸಿಟ್ಟು ಹೆಣ್ಣಿನ ಮತದ ಮೇಲೆ ಜಾರುವ ಆ ಗಳಿಗೆಯನ್ನು ಗಮನಿಸಬೇಕು. ಹೇಳುವವರಲ್ಲಿ ಹದಿನೆಂಟು ಇಪ್ಪತ್ತರ ಹುಡುಗರಿದ್ದಾರೆ, ಹುಡುಗಿಯರೂ ಇದ್ದಾರೆ. ಕೆಟ್ಟ ಮಕ್ಕಳಲ್ಲ. ತಮಗೆ ಹೊಸದಾಗಿ ಹೊಳೆದ ವಿಚಾರವೆಂದೇ ಅವರು ತಿಳಿದಿದ್ದಾರೆ. ಈ ಮಾತಿಗೆ ನೂರು ವರ್ಷ ದಾಟಿದೆ ಎಂದು ಅವರಿಗೆ ಯಾರೂ ಹೇಳಿಲ್ಲ.

ಹೇಳಬೇಕಾದ ಕಥೆ ಇದು. 1917ರ ಡಿಸೆಂಬರಿನಲ್ಲಿ ಭಾರತ ಮಂತ್ರಿ ಮಾಂಟೆಗು ಮದ್ರಾಸಿಗೆ ಬಂದಾಗ ಸರೋಜಿನಿ ನಾಯ್ಡು ಅವರ ಮುಂದಾಳತ್ವದಲ್ಲಿ ಹೆಣ್ಣುಮಕ್ಕಳ ನಿಯೋಗವೊಂದು ಅವರನ್ನೂ ವೈಸರಾಯ್ ಚೆಮ್ಸ್‌ಫರ್ಡ್ ಅವರನ್ನೂ ಕಂಡಿತು. ನಿಯೋಗದ ಹಿಂದಿನ ದುಡಿಮೆ ಮಾರ್ಗರೆಟ್ ಕಸಿನ್ಸ್ ಅವರದು. ಐರ್ಲೆಂಡಿನಲ್ಲಿ ಮತಕ್ಕಾಗಿ ಹೋರಾಡಿ ಸೆರೆಮನೆ ಕಂಡು ಬಂದಿದ್ದ ಈಕೆ ಅದೇ ವರ್ಷ ಅಡ್ಯಾರಿನಲ್ಲಿ ಹುಟ್ಟಿದ ಭಾರತೀಯ ಮಹಿಳಾ ಸಂಘದ ಸ್ಥಾಪಕರಲ್ಲಿ ಒಬ್ಬರು. 1919-20ರಲ್ಲಿ ಮಂಗಳೂರಿನ ರಾಷ್ಟ್ರೀಯ ಬಾಲಿಕಾ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿಯೂ ದುಡಿದರು. ನಿಯೋಗದ ಬೇಡಿಕೆ ಸರಳವಾಗಿತ್ತು: ಹೆಣ್ಣೆಂಬ ಒಂದೇ ಕಾರಣಕ್ಕೆ ನಮ್ಮನ್ನು ಹೊರಗಿಡಬೇಡಿ. ಮಾಂಟೆಗು-ಚೆಮ್ಸ್‌ಫರ್ಡ್ ವರದಿ ಬಂತು, ಅದರಲ್ಲಿ ಹೆಣ್ಣಿನ ಮತದ ಸೊಲ್ಲೇ ಇರಲಿಲ್ಲ. ಮತದಾನದ ಅರ್ಹತೆ ಗೊತ್ತುಮಾಡಲು ದೇಶ ಸುತ್ತಿದ ಸೌತ್‌ಬರೋ ಸಮಿತಿ, ಭಾರತದ ಸಮಾಜ ಇದಕ್ಕಿನ್ನೂ ಹದಗೊಂಡಿಲ್ಲ ಎಂದು ಕೈಚೆಲ್ಲಿತು. ಆಗ ಹೀರಾಬಾಯಿ ಟಾಟಾ ಮತ್ತು ಅವರ ಮಗಳು ಮಿಠಾನ್ ಲಂಡನ್ನಿಗೆ ಹಡಗು ಹತ್ತಿದರು. ಪಾರ್ಲಿಮೆಂಟಿನ ಜಂಟಿ ಸಮಿತಿಯ ಮುಂದೆ ವಾದಿಸಿದರು. ಮಿಠಾನ್‌ಗೆ ಆಗ ಇಪ್ಪತ್ತೊಂದು ವಯಸ್ಸು, ಇಂದಿನ ನಮ್ಮ ಪದವಿ ತರಗತಿಯ ಹುಡುಗಿಯರ ಓರಗೆ. ಪಾರ್ಲಿಮೆಂಟು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಆಯಾ ಪ್ರಾಂತದ ಶಾಸನ ಸಭೆಗಳೇ ತೀರ್ಮಾನಿಸಿಕೊಳ್ಳಲಿ ಎಂದು 1919ರ ಕಾಯಿದೆಯಲ್ಲಿ ಜವಾಬ್ದಾರಿ ದಾಟಿಸಿತು. ಒಂದು ಕಡೆ ಗೆಲ್ಲಬೇಕಿದ್ದುದನ್ನು ಊರೂರಲ್ಲಿ ಗೆಲ್ಲಬೇಕಾಯಿತು.

ಕನ್ನಡ ನಾಡು ಆಗ ಹರಿದು ಹಂಚಿಹೋಗಿತ್ತಲ್ಲ, ಹೆಣ್ಣಿನ ಮತವೂ ಹಾಗೆಯೇ ಹರಿದು ಬಂತು. 1921ರಲ್ಲಿ ಮದ್ರಾಸು ಒಪ್ಪಿತು. ದಕ್ಷಿಣ ಕನ್ನಡದ, ಬಳ್ಳಾರಿಯ ಹೆಣ್ಣುಮಕ್ಕಳು ಆ ಲೆಕ್ಕಕ್ಕೆ ಸೇರಿದರು. ಅದೇ ವರ್ಷ ಮುಂಬಯಿ ಒಪ್ಪಿತು. ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡದವರು ಅದರಲ್ಲಿ. ಮೈಸೂರು ಸಂಸ್ಥಾನದಲ್ಲಿ 1923. ಬೀದರ, ಕಲಬುರಗಿ, ರಾಯಚೂರು ನಿಜಾಮರ ಆಳ್ವಿಕೆಯಲ್ಲಿದ್ದವು. ಅಲ್ಲಿನ ಸಾಮಾನ್ಯ ಹೆಣ್ಣುಮಗಳು ಮತಗಟ್ಟೆ ಕಂಡದ್ದು ಗಣರಾಜ್ಯದ ಮೊದಲ ಮಹಾ ಚುನಾವಣೆಯಲ್ಲೇ. ಬಳ್ಳಾರಿಗೆ ಸೊಸೆಯಾಗಿ ಹೋದ ಅಕ್ಕನಿಗೆ ಇರಬಹುದಾದ ಹಕ್ಕು ರಾಯಚೂರಿನಲ್ಲೇ ಉಳಿದ ತಂಗಿಗೆ ಇರಲಿಲ್ಲ. ಇರಬಹುದಾದ ಎಂದೆವು, ಏಕೆಂದರೆ ಈ ಮತ ಎಲ್ಲರಿಗೂ ಅಲ್ಲ. ಆಸ್ತಿಯೋ ಕಂದಾಯವೋ ಇಂತಿಷ್ಟು ಇದ್ದವರಿಗೆ ಮಾತ್ರ. ಹೊಲ ಮನೆ ಗಂಡಸಿನ ಹೆಸರಿನಲ್ಲೇ ಇರುತ್ತಿದ್ದ ನಾಡಿನಲ್ಲಿ ಆ ಗೆರೆ ದಾಟುವ ಹೆಣ್ಣುಮಕ್ಕಳು ಎಷ್ಟು ಜನ ಇದ್ದಾರು? ತೆರಿಗೆ ಕಟ್ಟುವವರಿಗೆ ಮಾತ್ರ ಮತ ಎಂದು ಇಂದು ಹೇಳುವ ಹುಡುಗ, ತನ್ನ ಮುತ್ತಜ್ಜಿಯನ್ನು ಹೊರಗೆ ನಿಲ್ಲಿಸಿದ್ದ ಬೇಲಿಯನ್ನೇ ಮತ್ತೆ ಹಾಕುತ್ತಿದ್ದಾನೆ. ತನ್ನ ಮುತ್ತಜ್ಜನನ್ನೂ, ಬಹುಶಃ.

ಬಂಗಾಳದ ಶಾಸನ ಸಭೆ 1921ರಲ್ಲಿ ಹೆಣ್ಣಿನ ಮತವನ್ನು ತಿರಸ್ಕರಿಸಿತು, ಒಪ್ಪಿದ್ದು 1925ರಲ್ಲಿ. ಆ ಕಾಲದ ವಿರೋಧಿಗಳು ಮೂರ್ಖರಲ್ಲ, ಹಲವರು ಕಲಿತವರು, ದೇಶಪ್ರೇಮಿಗಳು. ಹೆಣ್ಣುಮಕ್ಕಳಿಗೆ ಅಕ್ಷರವಿಲ್ಲ, ಮೊದಲು ಓದಲಿ ಎಂದರು. ಗಂಡ ಹೇಳಿದವರಿಗೇ ಹಾಕುತ್ತಾರೆ, ಒಂದು ಮನೆಗೆ ಎರಡು ಮತ ಬಂದಂತಾಗುತ್ತದೆ ಎಂದರು. ಗಂಡ ಹೇಳಿದವರಿಗೆ ಹಾಕದಿದ್ದರೆ ಮನೆ ಒಡೆಯುತ್ತದೆ ಎಂದೂ ಅವರೇ ಎಂದರು. ಮಾನವಂತರ ಮನೆಯವರು ಮತಗಟ್ಟೆಗೆ ಬರುವುದಿಲ್ಲ, ಬರುವವರು ಮಾನವಂತರಲ್ಲ ಎಂದರು. ಪರದೆಯ ಮಾತು ಬಂತು, ಮೊಲೆಯೂಡಿಸುವ ತಾಯಂದಿರ ಮಾತು ಬಂತು. ಪಾಠ ಮಾಡುವ ಮೇಷ್ಟ್ರುಗಳಿಗೆ ನಮ್ಮ ಮೊದಲ ಕೋರಿಕೆ ಇದು: ಕೇಳಿದವರ ಹೆಸರುಗಳನ್ನು ಮಕ್ಕಳು ಮರೆತರೂ ಚಿಂತೆಯಿಲ್ಲ, ಬೇಡವೆಂದವರ ವಾದಗಳನ್ನು ಮರೆಯದಂತೆ ಕಲಿಸಿ. ಹೆಸರುಗಳು ಮತ್ತೆ ಬರುವುದಿಲ್ಲ. ವಾದಗಳು ಬರುತ್ತವೆ.

ಈ ಜಗಳದ ಅತಿ ಸ್ವಾರಸ್ಯದ ಭಾಗ ನಮ್ಮ ಮನೆಯಂಗಳದ್ದೇ, ಆದರೆ ನಮ್ಮ ತರಗತಿಗಳಿಗೆ ಅದು ಬಂದದ್ದು ತೀರ ಕಡಿಮೆ. ಮಂಗಳೂರಿನ ಇಬ್ಬರು ಹೆಣ್ಣುಮಕ್ಕಳ ಕಥೆ. ಮದ್ರಾಸಿನಲ್ಲಿ 1921ರಲ್ಲಿ ಹೆಣ್ಣುಮಕ್ಕಳಿಗೆ ಮತ ಬಂತೇ ಹೊರತು ಶಾಸನ ಸಭೆಯಲ್ಲಿ ಕೂರುವ ಹಕ್ಕು ಬರಲಿಲ್ಲ. ಅದು ಬಂದದ್ದು 1926ರಲ್ಲಿ. ಬಂದ ಕೂಡಲೇ, ಮಾರ್ಗರೆಟ್ ಕಸಿನ್ಸ್ ಅವರ ಒತ್ತಾಯದ ಮೇಲೆ, ಇಪ್ಪತ್ತಮೂರರ ಕಮಲಾದೇವಿ ಚಟ್ಟೋಪಾಧ್ಯಾಯ ಚುನಾವಣೆಗೆ ನಿಂತರು. ಪ್ರಚಾರಕ್ಕೆ ಸಿಕ್ಕ ದಿನಗಳು ಕಡಿಮೆ, ಬೆನ್ನಿಗೆ ದೊಡ್ಡ ಪಕ್ಷವಿಲ್ಲ. ಕೂದಲೆಳೆಯಲ್ಲಿ ಸೋತರು. ಮುಂದೆ ಕರಕುಶಲ ಕಲೆಗಳಿಗೆ ಮರುಜೀವ ಕೊಟ್ಟವರೆಂದು ನಮ್ಮ ಪುಸ್ತಕಗಳು ಅವರನ್ನು ನೆನೆಯುತ್ತವೆ. ಈ ದೇಶದಲ್ಲಿ ಶಾಸನ ಸಭೆಗೆ ಸ್ಪರ್ಧಿಸಿದ ಮೊದಲ ಹೆಣ್ಣುಮಗಳೆಂದು ಅಪರೂಪಕ್ಕೆ ನೆನೆಯುತ್ತವೆ. ಸೋತವರ ಕಥೆ ಪಾಠಕ್ಕೆ ಒದಗುವುದಿಲ್ಲವೆಂದು ಯಾರು ತೀರ್ಮಾನಿಸಿದರೋ.

ಇನ್ನೊಬ್ಬರು ರಾಧಾಬಾಯಿ ಸುಬ್ಬರಾಯನ್. ದಲಿತರ ಮಕ್ಕಳಿಗೆ ಶಾಲೆ ತೆರೆದು ಬಾಳನ್ನೇ ಸವೆಸಿದ ಕುದ್ಮುಲ್ ರಂಗರಾಯರ ಮಗಳು. ಲಂಡನ್ನಿನ ಮೊದಲ ದುಂಡುಮೇಜಿನ ಪರಿಷತ್ತಿಗೆ ಹೋದ ಭಾರತದ ಇಬ್ಬರು ಹೆಣ್ಣುಮಕ್ಕಳಲ್ಲಿ ಈಕೆ ಒಬ್ಬರು, ಬೇಗಂ ಜಹನಾರಾ ಶಾಹನವಾಜ್ ಇನ್ನೊಬ್ಬರು. 1932ರಲ್ಲಿ ಮತಾಧಿಕಾರ ವಿಸ್ತರಿಸಲು ಕೂತ ಲೋಥಿಯನ್ ಸಮಿತಿಯಲ್ಲೂ ರಾಧಾಬಾಯಿ ಸದಸ್ಯೆ. ಆಸ್ತಿಯಿರುವ ಹೆಣ್ಣು ಕಡಿಮೆಯಾದ್ದರಿಂದ ಮತದಾರನ ಹೆಂಡತಿಗೂ ವಿಧವೆಗೂ ಮತ ಕೊಡೋಣವೇ, ಹೆಣ್ಣುಮಕ್ಕಳಿಗೆ ಸ್ಥಾನ ಮೀಸಲಿಡೋಣವೇ ಎಂಬುದು ಆಗಿನ ಚರ್ಚೆ. ಕಮಲಾದೇವಿ ಕಟ್ಟಲು ದುಡಿದಿದ್ದ ಅಖಿಲ ಭಾರತ ಮಹಿಳಾ ಪರಿಷತ್ತೂ ಅದರ ಜೊತೆಯ ಸಂಘಗಳೂ ಬೇಡವೆಂದವು. ಹೆಣ್ಣು ತಾನಾಗಿಯೇ ಪ್ರಜೆ, ಗಂಡನ ಆಸ್ತಿಯ ನೆರಳಿನಲ್ಲಿ ಬರುವ ಮತ ನಮಗೆ ಅವಮಾನ, ವಯಸ್ಕರೆಲ್ಲರಿಗೂ ಕೊಡಿ ಎಂದು ಪಟ್ಟು ಹಿಡಿದವು. ರಾಧಾಬಾಯಿಯ ಲೆಕ್ಕ ಬೇರೆ: ಮೊದಲು ಸಂಖ್ಯೆ ಹೆಚ್ಚಲಿ, ಸಿಕ್ಕಷ್ಟನ್ನು ಹಿಡಿದು ಮುಂದಿನದಕ್ಕೆ ಹೋರಾಡೋಣ. ಇಬ್ಬರಲ್ಲಿ ಯಾರು ಸರಿ? ಹತ್ತನೇ ತರಗತಿಯ ಮಕ್ಕಳನ್ನು ಎರಡು ಸಾಲಾಗಿ ಕೂರಿಸಿ ಇದೊಂದನ್ನು ಕೇಳಿ ನೋಡಿ, ಗಂಟೆ ಬಾರಿಸಿದರೂ ಜಗಳ ನಿಲ್ಲುವುದಿಲ್ಲ. ನಮ್ಮ ಒಲವು ಪರಿಷತ್ತಿನ ಕಡೆ. ಆದರೆ 1935ರ ಕಾಯಿದೆಯಲ್ಲಿ ಬಂದದ್ದು ರಾಧಾಬಾಯಿ ಒಪ್ಪಿಕೊಂಡಿದ್ದ ದಾರಿ. ಸ್ವಂತ ಆಸ್ತಿಯಿಲ್ಲದಿದ್ದರೆ ಅಕ್ಷರ ಬಲ್ಲವಳಾಗಿರಬೇಕು, ಇಲ್ಲವೇ ಆಸ್ತಿವಂತನ ಹೆಂಡತಿಯೋ ವಿಧವೆಯೋ ಆಗಿರಬೇಕು. ಹೀಗೆ ಸುಮಾರು 60 ಲಕ್ಷ ಹೆಣ್ಣುಮಕ್ಕಳು ಮತದಾರರಾದರು. ಮದುವೆಯಾಗದ, ಓದಿಲ್ಲದ, ಕೂಲಿ ಮಾಡಿ ತನ್ನ ಅನ್ನ ತಾನೇ ದುಡಿಯುವ ಹೆಣ್ಣು ಹೊರಗೇ ಉಳಿದಳು.

ಗಂಡನ ಮೂಲಕ ಗುರುತಿಸಿಕೊಳ್ಳುವ ಆ ಅಭ್ಯಾಸ ಸಂವಿಧಾನ ಬಂದ ಕೂಡಲೇ ಬಿಟ್ಟುಹೋಗಲಿಲ್ಲ. ಮೊದಲ ಮಹಾ ಚುನಾವಣೆಗೆ ಪಟ್ಟಿ ತಯಾರಾಗುವಾಗ ಅನೇಕ ಹೆಣ್ಣುಮಕ್ಕಳು ಗಣತಿಗೆ ಬಂದ ಅಪರಿಚಿತನಿಗೆ ತಮ್ಮ ಹೆಸರು ಹೇಳಲಿಲ್ಲ. ಇಂಥವನ ಹೆಂಡತಿ, ಇಂಥವನ ತಾಯಿ ಎಂದು ಬರೆಸಿದರು. ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಇದನ್ನು ಒಪ್ಪಲಿಲ್ಲ, ಸ್ವಂತ ಹೆಸರು ಕೊಟ್ಟರೆ ಮಾತ್ರ ಪಟ್ಟಿಯಲ್ಲಿ ಇರಲಿ ಎಂದರು. ಸುಮಾರು 8 ಕೋಟಿ ಹೆಣ್ಣುಮಕ್ಕಳಲ್ಲಿ 28 ಲಕ್ಷದಷ್ಟು ಮಂದಿಯ ಹೆಸರು ಸರಿಯಾಗಿ ಸಿಗಲಿಲ್ಲ, ಬಹುತೇಕ ಬಿಹಾರ, ಉತ್ತರ ಪ್ರದೇಶ, ಮಧ್ಯ ಪ್ರದೇಶ, ರಾಜಸ್ಥಾನದ ಕಡೆಯವರು. ಅವರನ್ನು ಕೈಬಿಡಬೇಕಾಯಿತು. ಅಂದಿಗದು ಕಠೋರವೆನ್ನಿಸಿದರೂ ಸೇನ್ ಹಿಡಿದ ಹಟ ಸರಿಯೆಂದೇ ನಮ್ಮ ಎಣಿಕೆ. ಮತ ಹೆಣ್ಣಿನದು, ಮನೆತನದ್ದಲ್ಲ ಎಂದು ಸರ್ಕಾರವೊಂದು ಇಷ್ಟು ಗಟ್ಟಿಯಾಗಿ ಹಿಂದೆಂದೂ ಹೇಳಿರಲಿಲ್ಲ. ಆದರೆ ಮೊದಲ ದಿನವೇ ಸಿಕ್ಕಿತೆಂದು ಚಪ್ಪಾಳೆ ತಟ್ಟುವವರು ಒಂದು ಕ್ಷಣ ನಿಂತು, ಈ 28 ಲಕ್ಷ ಮಂದಿಗೆ ಎಂದು ಸಿಕ್ಕಿತು ಎಂದು ಕೇಳಬೇಡವೇ?

ಪಟ್ಟಿಯ ಮಾತು ಇಂದಿಗೂ ಮುಗಿದಿಲ್ಲ. ಮದುವೆಯಾಗಿ ಊರು ಬಿಟ್ಟ ಹುಡುಗಿಯ ಹೆಸರನ್ನು ತವರಿನಲ್ಲಿ ತೆಗೆಯುತ್ತಾರೆ. ಗಂಡನ ಊರಿನಲ್ಲಿ ಸೇರಿಸಲು ಅರ್ಜಿ ಬೇಕು, ವಿಳಾಸದ ದಾಖಲೆ ಬೇಕು, ಮನೆಯಲ್ಲಿ ಯಾರಿಗಾದರೂ ಅದರ ನೆನಪಿರಬೇಕು. ಪಡಿತರ ಚೀಟಿಗೆ ಸೊಸೆಯ ಹೆಸರು ಸೇರಿಸುವ ಅವಸರ ಮತದಾರರ ಪಟ್ಟಿಗೆ ಇರುವುದಿಲ್ಲ. 2025ರಲ್ಲಿ ಬಿಹಾರದ ಪಟ್ಟಿಯನ್ನು ವಿಶೇಷವಾಗಿ ಪರಿಷ್ಕರಿಸಿದಾಗ ಕರಡಿನಿಂದ ಸುಮಾರು 65 ಲಕ್ಷ ಹೆಸರು ಹೊರಗುಳಿದವು. ಸತ್ತವರು, ಊರು ಬಿಟ್ಟವರು, ಎರಡು ಕಡೆ ಹೆಸರಿದ್ದವರು ಎಂದು ಆಯೋಗ ಕಾರಣ ಕೊಟ್ಟಿತು. ಪಟ್ಟಿ ಚೊಕ್ಕಟವಾಗಿರಬೇಕು, ಅದರಲ್ಲಿ ಎರಡು ಮಾತಿಲ್ಲ. ಊರು ಬಿಟ್ಟವರಲ್ಲಿ ಮದುವೆಯಾಗಿ ಬಿಟ್ಟವರೆಷ್ಟು, ಅವರ ಹೆಸರು ಹೊಸ ಊರಿನಲ್ಲಿ ಬಂತೇ ಎಂದು ಕೇಳಬೇಕೆಂಬುದು, 28 ಲಕ್ಷದ ಕಥೆ ಓದಿದವರಿಗೆ ತಟ್ಟನೆ ಹೊಳೆಯುತ್ತದೆ. ಓದದವರಿಗೆ ಅದು ಬರೀ ಅಂಕಿ.

ಇಷ್ಟಾದರೂ ನಮ್ಮ ನಡುವಿನ ನೆಮ್ಮದಿವಂತರು ನಗುತ್ತಾರೆ. ಬಂದ ಮತ ಇನ್ನೆಲ್ಲಿಗೆ ಹೋಗುತ್ತದೆ ಬಿಡಿ, ಸಂವಿಧಾನದಲ್ಲೇ ಇದೆಯಲ್ಲ ಎನ್ನುತ್ತಾರೆ. ಅವರಿಗೆ ಅಮೆರಿಕದ ನ್ಯೂಜೆರ್ಸಿಯ ಕಥೆ ಹೇಳಬೇಕು. 1776ರ ಅಲ್ಲಿನ ಸಂವಿಧಾನ, ಇಂತಿಷ್ಟು ಆಸ್ತಿಯುಳ್ಳ ನಿವಾಸಿಗಳೆಲ್ಲರಿಗೂ ಮತವೆಂದಿತು. ಆಸ್ತಿಯಿದ್ದ ವಿಧವೆಯರು, ಮದುವೆಯಾಗದವರು ಮೂವತ್ತು ವರ್ಷ ಮತ ಹಾಕಿದರು. 1807ರಲ್ಲಿ ಅಲ್ಲಿನ ಶಾಸನ ಸಭೆ ಅದನ್ನು ಕಿತ್ತುಕೊಂಡಿತು. ಕೊಟ್ಟ ಕಾರಣ ಗಮನಿಸಿ: ಚುನಾವಣೆಯಲ್ಲಿ ಅಕ್ರಮ ನಡೆಯುತ್ತಿದೆ, ಹೆಣ್ಣಿನ ವೇಷ ಹಾಕಿ ಗಂಡಸರು ಎರಡೆರಡು ಸಲ ಮತ ಹಾಕುತ್ತಿದ್ದಾರೆ. ಅಕ್ರಮ ಮಾಡಿದವರು ಗಂಡಸರು, ಮತ ಕಳೆದುಕೊಂಡವರು ಹೆಂಗಸರು, ಜೊತೆಗೆ ಕಪ್ಪು ಜನ. ಹೆಂಗಸರಿಗೆ ಅದು ಮತ್ತೆ ಸಿಗಲು 1920 ಬರಬೇಕಾಯಿತು.

ದೂರದ ಮಾತು ಬೇಡವೆಂದರೆ ಹತ್ತಿರದ್ದೇ ಇದೆ. 2015ರಲ್ಲಿ ಹರಿಯಾಣ ಸರ್ಕಾರ ಪಂಚಾಯಿತಿ ಚುನಾವಣೆಗೆ ಸ್ಪರ್ಧಿಸಲು ಓದಿನ ಅರ್ಹತೆ ಇಟ್ಟಿತು: ಸಾಮಾನ್ಯ ವರ್ಗದ ಗಂಡಸರಿಗೆ ಹತ್ತನೇ ತರಗತಿ, ಹೆಂಗಸರಿಗೆ ಎಂಟು, ಪಂಚಾಯಿತಿ ಸದಸ್ಯ ಸ್ಥಾನಕ್ಕೆ ನಿಲ್ಲುವ ದಲಿತ ಹೆಣ್ಣುಮಕ್ಕಳಿಗೆ ಐದು. ಅದೇ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಇಂಥದ್ದೇ ಷರತ್ತನ್ನು ಆಗಲೇ ತಂದಿದ್ದ ರಾಜಸ್ಥಾನ 2019ರಲ್ಲಿ ಹಿಂತೆಗೆದುಕೊಂಡಿತು. ಇದು ಮತ ಹಾಕುವ ಹಕ್ಕಲ್ಲ, ಸ್ಪರ್ಧಿಸುವ ಹಕ್ಕು, ನಿಜ. 1935ರಲ್ಲಿ ಹೆಣ್ಣನ್ನು ಅಕ್ಷರದ ಕೋಲಿನಿಂದ ಅಳೆದ ನೆನಪು ಇದ್ದಿದ್ದರೆ, ಓದಿಸದೆ ಬಿಟ್ಟ ಸರ್ಕಾರವೇ ಓದಿಲ್ಲವೆಂದು ಬಾಗಿಲು ಹಾಕಿದಾಗ ನಮ್ಮ ಕಾಲೇಜುಗಳಲ್ಲಿ ಒಂದಿಷ್ಟಾದರೂ ಗದ್ದಲವಾಗುತ್ತಿತ್ತು. ಆಗಲಿಲ್ಲ.

ಅಮೆರಿಕದ ಕೆಲವು ಪಾದ್ರಿಗಳು ಈಚೆಗೆ ಮನೆಗೊಂದೇ ಮತ ಸಾಕು, ಅದನ್ನು ಯಜಮಾನ ಹಾಕಲಿ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದಾರೆ. ನಮ್ಮಲ್ಲಿ ಹಾಗೆ ಹೇಳುವವರಿಲ್ಲ. ಹೇಳುವ ಅಗತ್ಯವೂ ಬಿದ್ದಿಲ್ಲ. ಗ್ರಾಮ ಪಂಚಾಯಿತಿಯಲ್ಲಿ ಅಧ್ಯಕ್ಷೆಯ ಕುರ್ಚಿಯ ಪಕ್ಕದ ಕುರ್ಚಿಯಲ್ಲಿ ಅವರ ಯಜಮಾನರು ಕೂತು ಕಡತ ನೋಡುವುದನ್ನು ಕಂಡು ಬೆಳೆದ ಮಕ್ಕಳಿಗೆ ಬೇರೆ ಉಪದೇಶ ಏಕೆ? ಕರ್ನಾಟಕ 1987ರ ಜಿಲ್ಲಾ ಪರಿಷತ್ ಚುನಾವಣೆಯಲ್ಲೇ ನಾಲ್ಕನೇ ಒಂದು ಭಾಗವನ್ನು ಹೆಣ್ಣುಮಕ್ಕಳಿಗೆ ಮೀಸಲಿಟ್ಟ ನಾಡು, ದೇಶಕ್ಕೇ ಮೊದಲು ದಾರಿ ತೋರಿದ್ದು. ಇಂದು ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಅವರಿಗೆ. 2023ರಲ್ಲಿ 224 ಸ್ಥಾನದ ವಿಧಾನಸಭೆಗೆ ಗೆದ್ದು ಬಂದ ಹೆಣ್ಣುಮಕ್ಕಳು ಹತ್ತು.

ನೆಮ್ಮದಿವಂತರ ಕೈಯಲ್ಲಿ ಒಂದು ಒಳ್ಳೆಯ ಅಂಕಿಯಿದೆ, ಅದನ್ನು ಒಪ್ಪಿಕೊಳ್ಳೋಣ. 2019ರ ಲೋಕಸಭಾ ಚುನಾವಣೆಯಲ್ಲಿ ಮೊದಲ ಸಲ ಹೆಣ್ಣುಮಕ್ಕಳ ಮತದಾನದ ಪ್ರಮಾಣ ಗಂಡಸರದನ್ನು ತುಸು ಮೀರಿತು, 2024ರಲ್ಲೂ ಮೀರಿತು. ಸಂತೋಷ. ಹೆಣ್ಣಿನ ಮತ ಲೆಕ್ಕಕ್ಕೆ ಬರದಿದ್ದ ಕಾಲದಲ್ಲಿ ಅದರ ಮೇಲೆ ಯಾರಿಗೂ ಸಿಟ್ಟಿರಲಿಲ್ಲ. ಲೆಕ್ಕ ಮೀರತೊಡಗಿದ ಮೇಲೆಯೇ ಬಿಟ್ಟಿ ಬಸ್ಸಿನ ಮಾತು ಹುಟ್ಟಿತು. ಗುರುತು ಕಾಣುತ್ತಿರುವುದು ಅದಕ್ಕೇ ಈಗ.

ಇಂಥ ನೆಮ್ಮದಿಯನ್ನು ಹಿಂದೊಮ್ಮೆ ಕಂಡಿದ್ದೇವೆ. 1976ರಲ್ಲಿ ಆಗಬೇಕಿದ್ದ ಲೋಕಸಭಾ ಚುನಾವಣೆಯನ್ನು ತುರ್ತು ಪರಿಸ್ಥಿತಿಯಲ್ಲಿ ಮುಂದೂಡಿದಾಗ, ರೈಲು ಹೊತ್ತಿಗೆ ಸರಿಯಾಗಿ ಬರುತ್ತಿದೆಯಲ್ಲ ಎಂದು ಸಮಾಧಾನಪಟ್ಟವರು ಅನಕ್ಷರಸ್ಥರಾಗಿರಲಿಲ್ಲ. ಪೌರನೀತಿಯಲ್ಲಿ ಒಳ್ಳೆಯ ಅಂಕ ತೆಗೆದವರೇ ಆಗಿದ್ದರು.

ಮುಂದೇನಾಗುತ್ತದೆ? ನಾಳೆಯೇ ಯಾರೂ 326ನೇ ವಿಧಿಯನ್ನು ಅಳಿಸುವುದಿಲ್ಲ. ಮೊದಲು ಓದಿನ ಷರತ್ತು ಪಂಚಾಯಿತಿಯಿಂದ ಪುರಸಭೆಗೆ ಏರುತ್ತದೆ. ಬಳಿಕ ಸವಲತ್ತು ಪಡೆದವರು ಮತ ಹಾಕಬಾರದೆಂಬ ಮಾತು ಚರ್ಚಾಸ್ಪರ್ಧೆಯ ವಿಷಯವಾಗುತ್ತದೆ, ಆಮೇಲೆ ಪ್ರಣಾಳಿಕೆಯ ಸಾಲಾಗುತ್ತದೆ. ಪಟ್ಟಿಯಿಂದ ಬಿಟ್ಟುಹೋದ ಸೊಸೆಯ ಹೆಸರನ್ನು ಸೊಸೆಯೂ ಕೇಳುವುದಿಲ್ಲ.

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಗುವವರೆಗೆ ಕಾಯಬಾರದು. ಉಗುರಿನ ಕೆಲಸ ಶಾಲೆಯದು.

ಇದು ಪರೀಕ್ಷೆಗೆ ಬರುವುದಿಲ್ಲ, ಸಿಲಬಸ್ ಮುಗಿಸಬೇಕು ಎಂಬ ಉತ್ತರ ನಮಗೆ ಗೊತ್ತು. ಶಿಕ್ಷಕರ ಮೇಲಿನ ಹೊರೆಯೂ ಗೊತ್ತು. ಮತದಾರರ ಪಟ್ಟಿಯ ಕೆಲಸವನ್ನೂ ಅವರೇ ಹೊತ್ತಿದ್ದಾರೆ. ಪಾಠಕ್ಕೆ ಅದೇ ಸಾಮಗ್ರಿಯಾಗಲಿ. ಬೂತ್ ಮಟ್ಟದ ಅಧಿಕಾರಿಯಾಗಿ ಮನೆ ಮನೆ ಸುತ್ತಿದ ಮೇಡಂ ಒಬ್ಬರು, ಯಾವ ಮನೆಯಲ್ಲಿ ಯಾರ ಹೆಸರು ಏಕೆ ಇರಲಿಲ್ಲ ಎಂದು ಹತ್ತು ನಿಮಿಷ ಹೇಳಿದರೆ ಸಾಕು, ಮಕ್ಕಳು ತಾವಾಗಿಯೇ ಪ್ರಶ್ನೆ ಕೇಳುತ್ತಾರೆ.

ಪಠ್ಯಪುಸ್ತಕ ಸಮಿತಿಗಳು ಪುಟ ಹೆಚ್ಚಿಸಬೇಕಿಲ್ಲ. ಕಮಲಾದೇವಿಯ ಸೋಲು, ರಾಧಾಬಾಯಿಯ ಭಿನ್ನಮತ, 28 ಲಕ್ಷದ ಪಟ್ಟಿ, ಈ ಮೂರಕ್ಕೆ ಒಂದು ಪುಟ ಸಾಕು.

ಕಾಲೇಜುಗಳ ಚುನಾವಣಾ ಸಾಕ್ಷರತಾ ಕ್ಲಬ್‌ಗಳು ಪ್ರತಿಜ್ಞೆ ಓದಿಸಿ ಫೋಟೊ ತೆಗೆಸಿಕೊಳ್ಳುವುದಷ್ಟೇ ಸಾಲದು. ತೆರಿಗೆ ಕಟ್ಟುವವರಿಗೆ ಮಾತ್ರ ಮತವೇ ಎಂಬುದನ್ನು ಚರ್ಚೆಗಿಡಲಿ. ಹಿಂದೆ ಆ ನಿಯಮವಿದ್ದಾಗ ತಂತಮ್ಮ ಮನೆಯಲ್ಲಿ ಯಾರಿಗೆ ಮತ ಇರುತ್ತಿತ್ತೆಂದು ವಿದ್ಯಾರ್ಥಿಗಳು ಮೊದಲು ಪಟ್ಟಿ ಮಾಡಿಕೊಂಡು ಬರಲಿ.

ತಂದೆತಾಯಿಗಳು ಮದುವೆ ಮಾಡಿಕೊಟ್ಟ ಮಗಳ ಹೆಸರು ಎಲ್ಲಿದೆಯೆಂದು ಈ ವಾರವೇ ನೋಡಲಿ. ಅತ್ತೆಮಾವಂದಿರು ಸೊಸೆಯ ಹೆಸರು ನೋಡಲಿ.

ಮೇಷ್ಟ್ರುಗಳೇ, ಮೇಡಂಗಳೇ, ನಿಮ್ಮ ಶಾಲಾ ಸಂಸತ್ತಿನ ಚುನಾವಣೆ ಬರುತ್ತಿದೆ. ಮುಖ್ಯಮಂತ್ರಿ ಹುಡುಗ, ಸಾಂಸ್ಕೃತಿಕ ಮಂತ್ರಿ ಹುಡುಗಿ ಎಂದು ಮೊದಲೇ ಗೊತ್ತುಮಾಡಿಬಿಡಬೇಡಿ. ಮತಪೆಟ್ಟಿಗೆ ಇಡುವ ಹಿಂದಿನ ದಿನ ಒಂದು ಪೀರಿಯಡ್ ಈ ಕಥೆಗೆ ಕೊಡಿ.